ತವರಿಗೆ ಬರುವ ಮೀನು

ಸೋಮನಾಥನ ದರ್ಶನ ಮುಗಿಸಿ ಪಕ್ಕದ ವೇರಾವಳ ಬಂದರಿಗೆ ಹೋದೆ. ಚಳಿಗಾಲದ ಸಂಜೆ. ದಕ್ಕೆಯ ಮೇಲೆ ವೃದ್ಧ ಮೀನುಗಾರರೊಬ್ಬರು ಬಲೆ ಹೆಣೆಯುತ್ತ ಕುಳಿತಿದ್ದರು.

“ಬಲೆ ಹೇಗೆ ಹರಿಯಿತು, ಕಾಕಾ?” ಎಂದು ಹಿಂದಿಯಲ್ಲಿ ಕೇಳಿದೆ.

“ಹರಿಯಲಿಲ್ಲ, ನಾವೇ ಕೊಯ್ದೆವು. ಮಗಳು ಸಿಕ್ಕಿಕೊಂಡಿದ್ದಳು.”

ಆ ‘ಮಗಳು’ ತಿಮಿಂಗಿಲ ಶಾರ್ಕ್. ಜಗತ್ತಿನ ಮೀನುಗಳಲ್ಲೆಲ್ಲ ದೊಡ್ಡದು. 40 ಅಡಿಗೂ ಬೆಳೆಯುವುದುಂಟು. ಆದರೂ ನೀರಿನ ಸೂಕ್ಷ್ಮಜೀವಿಗಳನ್ನು ಸೋಸಿ ತಿಂದು ಬದುಕುವ ಸಾಧುಪ್ರಾಣಿ. ಹಿಂದೆ ಈ ತೀರದವರೇ ಕೊಕ್ಕೆಗೆ ಪೀಪಾಯಿ ಕಟ್ಟಿ ಇದನ್ನು ಬೇಟೆಯಾಡುತ್ತಿದ್ದರು. ಯಕೃತ್ತಿನ ಎಣ್ಣೆ ದೋಣಿಗೆ, ಮಾಂಸ ಪರದೇಶಕ್ಕೆ. 2001ರಲ್ಲಿ ಕಾನೂನು ಬೇಟೆಯನ್ನು ನಿಷೇಧಿಸಿತು. ಆದರೆ ಬಲೆಗೆ ಕಾನೂನು ತಿಳಿಯದು. ಬೇರೆ ಮೀನಿಗೆ ಬೀಸಿದ ಬಲೆಯಲ್ಲಿ ಇದೂ ಸಿಲುಕುತ್ತಿತ್ತು. ಇದು ಹೆರಿಗೆಗೆಂದು ತವರಿಗೆ ಬರುವ ಮಗಳು ಎಂದು ರಾಮಕಥೆಯ ಮೊರಾರಿ ಬಾಪು 2004ರಲ್ಲಿ ಹೇಳಿದ ಮಾತು ಮೀನುಗಾರರ ಮನಸ್ಸಿಗೆ ನಾಟಿತು. ಬಲೆ ಕೊಯ್ದವರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಡೂ ಆಯಿತು. ಹೀಗೆ ನೂರಾರು ಮೀನುಗಳು ಜೀವಂತವಾಗಿ ಕಡಲಿಗೆ ಮರಳಿವೆ.

“ಪರಿಹಾರದಿಂದ ನಷ್ಟ ತುಂಬುವುದೇ?” ಎಂದೆ.

“ಅದು ಬಲೆಗೆ ಮಾತ್ರ. ಆ ದಿನದ ಸಂಪಾದನೆ ಹೋದದ್ದು ಹೋಯಿತು” ಎಂದು ಮುದುಕರು ದಾರವನ್ನು ಬಿಗಿದರು. “ಇರಲಿ ಬಿಡಿ. ತವರಿನಿಂದ ಮಗಳನ್ನು ಬರಿಗೈಯಲ್ಲಿ ಕಳುಹಿಸುವುದುಂಟೇ?”