ಡಬ್ಬ ಎಲ್ಲಿಡಬೇಕು?

ನಾನು ಮಾಡುವ ಕೆಲಸ ಏನು ಅಂತ ಮನೆಯವರಿಗೆ ವಿವರಿಸೋದು ಯಾವಾಗಲೂ ಕಷ್ಟವೇ. ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಕೊಡುವ ಯಂತ್ರ ಇರುತ್ತಲ್ಲ, ಅದರ ಕೋಣೆಗೆ ಎಷ್ಟು ದಪ್ಪದ ಕಾಂಕ್ರೀಟ್ ಗೋಡೆ ಬೇಕು, ಗೋಡೆಯಾಚೆ ಇರುವವರಿಗೆ ಎಷ್ಟು ವಿಕಿರಣ ತಗಲುತ್ತೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕೋದು. ಈ ಲೆಕ್ಕದ ವಿಧಾನಕ್ಕೆ ಮಾಂಟೆ ಕಾರ್ಲೊ ಅಂತ ಹೆಸರು. 1946ರಲ್ಲಿ ಉಲಾಮ್ ಅನ್ನೋ ಗಣಿತಜ್ಞ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಾ ಒಬ್ಬನೇ ಇಸ್ಪೀಟ್ ಆಡುವಾಗ ಹೊಳೆದದ್ದು. ನಮ್ಮೂರ ಅರಳಿಕಟ್ಟೆಯವರಿಗೆ ಹೇಳಬೇಕು :-)

ಕೋಟಿಗಟ್ಟಲೆ ಫೋಟಾನುಗಳನ್ನು ಒಂದೊಂದಾಗಿ ಗೋಡೆಗೆ ಬಿಡ್ತೀವಿ. ಆಚೆ ಬಂದದ್ದನ್ನು ಎಣಿಸೋಕೆ ಲೆಕ್ಕದೊಳಗೇ ಒಂದು ಡಬ್ಬ ಇಡಬೇಕು. ಅದೇ ಸ್ಕೋರಿಂಗ್ ರೀಜನ್. ಎಲ್ಲಿಡಬೇಕು, ಎಷ್ಟು ದೊಡ್ಡದು ಅನ್ನೋದು ನಮಗೇ ಬಿಟ್ಟದ್ದು. ತೀರಾ ಚಿಕ್ಕದಿಟ್ಟರೆ ಅದರೊಳಗೆ ಬರೋದೇ ನಾಲ್ಕಾರು ಫೋಟಾನು, ಉತ್ತರ ನಂಬೋ ಹಾಗಿರಲ್ಲ. ತಪ್ಪಿನ ಅಂದಾಜು ಅರ್ಧಕ್ಕಿಳಿಯಬೇಕಾದರೆ ನಾಲ್ಕು ಪಟ್ಟು ಫೋಟಾನು ಬಿಡಬೇಕು. ಹಾಗಂತ ಇಡೀ ಗೋಡೆಗೆ ಒಂದೇ ಡಬ್ಬ ಇಟ್ಟರೆ ಉತ್ತರ ಬೇಗ ಬರುತ್ತೆ, ನುಣ್ಣಗೂ ಇರುತ್ತೆ. ಅಪಾಯ ಇರೋದೇ ಅಲ್ಲಿ. ಗೋಡೆ 15 ಚದರ ಮೀಟರ್ ಅಂದುಕೊಳ್ಳಿ. ಕೇಬಲ್ ಹೋಗುವ ತೂತಿನ ಮುಂದೆ 30 ಸೆಂ.ಮೀ. ಉದ್ದಗಲದ ಜಾಗದಲ್ಲಿ ಮಾತ್ರ ಉಳಿದ ಕಡೆಗಿಂತ ನೂರು ಪಟ್ಟು ವಿಕಿರಣ ಇದ್ದರೂ ಸರಾಸರಿ ಏರೋದು ಸುಮಾರು 1.6 ಪಟ್ಟು ಅಷ್ಟೇ!

ಮೊನ್ನೆ ಮಾಗಡಿಗೆ ಹೋದಾಗ ಇದನ್ನೇ ಅಪ್ಪನಿಗೆ ಹೇಳ್ತಿದ್ದೆ. "ಅಂದ್ರೆ ಬೆಳೆ ವಿಮೆ ಇದ್ದಂಗೆ ಅನ್ನು" ಅಂದ್ರು. ಸರಿಯಾಗೇ ಹಿಡಿದರು. 2016ರಲ್ಲಿ ಬಂದ ಫಸಲ್ ಬಿಮಾದಲ್ಲಿ ನಮ್ಮ ಹೊಲದ ಇಳುವರಿ ನೋಡಲ್ಲ, ಪಂಚಾಯ್ತಿಯದ್ದೋ ಹೋಬಳಿಯದ್ದೋ ಸರಾಸರಿ ನೋಡ್ತಾರೆ. ಮಳೆ ಗೊತ್ತಲ್ಲ, ಒಂದು ಏರಿಯಾಚೆ ಸುರಿದು ಈಚೆ ಹನಿಯೂ ಬೀಳದೆ ಹೋಗುತ್ತೆ. ಸರಾಸರಿ ಚೆನ್ನಾಗಿದ್ದರೆ ನಮ್ಮ ರಾಗಿ ಒಣಗಿದ್ದಕ್ಕೆ ಪರಿಹಾರ ಇಲ್ಲ. ಹಾಗಂತ ಒಂದೊಂದು ಹೊಲಕ್ಕೂ ಬಂದು ಕೊಯ್ದು ಅಳೆಯೋಕೆ ಜನ ಎಲ್ಲಿ? ನನ್ನ ಚಿಕ್ಕ ಡಬ್ಬದ ಕಷ್ಟವೂ ಅದೇ.

ಈ ಮಾತು ಯಾಕೆ ಬಂತೆಂದರೆ, ಒಂದು ಆಸ್ಪತ್ರೆಯಲ್ಲಿ ಹಳೇ ಯಂತ್ರ ತೆಗೆದು ಹೊಸದು ಹಾಕುವ ಲೆಕ್ಕ ನನ್ನ ಕೈಗೆ ಬಂದಿತ್ತು. ನಕ್ಷೆಯಲ್ಲಿ ಗೋಡೆಯಾಚೆ ಬರೀ ಕಾರಿಡಾರ್. ಕಾರಿಡಾರಿನಲ್ಲಿ ಒಬ್ಬ ಮನುಷ್ಯ ಇರೋದು ಐದರಲ್ಲೊಂದು ಪಾಲು ಹೊತ್ತು ಅಂತ ಹಿಡಿಯೋದು ರೂಢಿ. ಹೋಗಿ ನೋಡಿದರೆ ಸೆಕ್ಯುರಿಟಿಯವರ ಕುರ್ಚಿ, ಕೇಬಲ್ ತೂತಿನ ಪಕ್ಕದಲ್ಲೇ, ಗೋಡೆಗೆ ಒರಗಿಸಿ. ಪಾಪ, ಫ್ಯಾನಿನ ಗಾಳಿ ಬರೋದು ಅಲ್ಲಿ ಮಾತ್ರ. ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲಿಸೀವರ್ಟ್ ಮಿತಿ, ಅವರೂ ಅದರಲ್ಲೇ ಬರ್ತಾರೆ. ಆದರೆ ಅವರು ಶಿಫ್ಟ್ ಪೂರ್ತಿ ಕೂರುವವರು, ಐದರಲ್ಲೊಂದು ಪಾಲಲ್ಲ.

"ಗೋಡೆ ಸರಾಸರಿ ಮಿತಿಯೊಳಗಿದೆಯಲ್ಲಪ್ಪ, ಸಾಕು" ಅಂದರು ನಮ್ಮ ಹಿರಿಯರೊಬ್ಬರು. ಸರಾಸರಿಯ ಮೇಲೆ ಯಾರೂ ಕೂರಲ್ಲ ಸಾರ್ ಅಂದೆ. ಗೋಡೆಯಿಂದ 30 ಸೆಂ.ಮೀ. ಆಚೆ, ಕೂತ ಮನುಷ್ಯನ ಎದೆಯ ಎತ್ತರಕ್ಕೆ, ಬೇರೆಯದೇ ಡಬ್ಬ ಇಟ್ಟೆ. ಪೂರ್ತಿ ಶಿಫ್ಟ್ ಹಿಡಿದೆ. ಎರಡು ರಾತ್ರಿ ಓಡಿತು ಕಂಪ್ಯೂಟರ್. ಸರಾಸರಿಗಿಂತ ಎಷ್ಟೋ ಹೆಚ್ಚು ಬಂತು, ಮಿತಿಯನ್ನು ಮಾತ್ರ ದಾಟಿರಲಿಲ್ಲ. ವರದಿಯಲ್ಲಿ ಎರಡೂ ಅಂಕಿ ಬರೆದು, ತೂತಿಗೆ ಸೀಸದ ತಡೆ ಹಾಕಿ, ಕುರ್ಚಿ ಸರಿಸಿ ಅಂತ ಸೇರಿಸಿದೆ.

ಕುರ್ಚಿ ಸರಿಸಿದ್ದಾರಂತೆ, ಜೊತೆಗೊಂದು ಟೇಬಲ್ ಫ್ಯಾನೂ ಕೊಟ್ಟಿದ್ದಾರಂತೆ. ಸೀಸದ್ದು ಇನ್ನೂ ಫೈಲಿನಲ್ಲಿದೆ, ಸೋಮವಾರ ಮತ್ತೆ ಫೋನ್ ಮಾಡಬೇಕು.