ಕೊಡಚಾದ್ರಿಯ ಕಲ್ಲು, ಗಾಡಿಯ ಹೊಟ್ಟೆ

ಕೊಡಚಾದ್ರಿಗೆ ಹೋಗಿ ಬಂದವರ ಫೋನ್‌ನಲ್ಲಿ ಎರಡು ಫೋಟೋ ಇದ್ದೇ ಇರುತ್ತೆ. ಒಂದು ಸರ್ವಜ್ಞ ಪೀಠದ ಕಲ್ಲಿನ ಮಂಟಪ, ಇನ್ನೊಂದು ಸೂರ್ಯಾಸ್ತ. ಆದರೆ 1,343 ಮೀಟರ್ ಎತ್ತರದ ಈ ಬೆಟ್ಟದ ಬಗ್ಗೆ ಕೇಳಿದರೆ ಅವರು ಮೊದಲು ಹೇಳೋದು ಜೀಪಿನ ದಾರಿಯ ಕಥೆ. ತಲೆ ಮೇಲಿನ ಕಂಬಿ ಹಿಡ್ಕೊಂಡು, ಪಕ್ಕದವರ ಮೇಲೆ ಬೀಳುತ್ತಾ ಏಳುತ್ತಾ ಹತ್ತಿದ ಕಥೆ.

ಆ ದಾರಿ ಹಾಗಿರೋದಕ್ಕೆ ಕಾರಣ ಮಳೆ. ಮಲೆನಾಡಿನ ಮಳೆ ಪ್ರತಿ ವರ್ಷ ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತೆ, ಕಲ್ಲು ಮಾತ್ರ ಉಳಿಯುತ್ತೆ. ಚಕ್ರ ಓಡಿದ ಜಾಗ ಎರಡು ಕೊರಕಲಾಗಿ ಇಳಿದರೆ ನಡುವಿನ ದಿಬ್ಬ ಹಾಗೇ ನಿಲ್ಲುತ್ತೆ. ಅಲ್ಲಿಯ ಜೀಪ್ ಚಾಲಕರನ್ನು ಗಮನಿಸಿ. ದೊಡ್ಡ ಕಲ್ಲು ಬಂದರೆ ನಾವು ಬೆಂಗಳೂರಲ್ಲಿ ಮಾಡುವಂತೆ ಅದನ್ನು ಚಕ್ರಗಳ ನಡುವೆ ಬಿಟ್ಟು ಸಾಗೋದಿಲ್ಲ. ಒಂದು ಚಕ್ರವನ್ನೇ ಕಲ್ಲಿನ ಮೇಲೆ ಹತ್ತಿಸ್ತಾರೆ. ಚಕ್ರ ಎತ್ತರಕ್ಕೆ ಹೋದರೆ ಗಾಡಿಯ ಹೊಟ್ಟೆಯೂ ಎತ್ತರಕ್ಕೆ ಹೋಗುತ್ತೆ.

ಶಿಖರದ ದಾರಿ ಮೂಕಾಂಬಿಕಾ ವನ್ಯಜೀವಿ ಅಭಯಾರಣ್ಯದ್ದು. ಸ್ವಂತ ಗಾಡಿ ತಗೊಂಡು ಹೋಗಬಹುದಾ ಅನ್ನೋದನ್ನು ಅರಣ್ಯ ಇಲಾಖೆಯವರನ್ನೇ ಮೊದಲು ಕೇಳಿ. ನನ್ನ ಪ್ರಕಾರ ಅಲ್ಲಿಗೆ ಸ್ಥಳೀಯ ಜೀಪೇ ಸರಿ. ಆದರೆ ನಿಟ್ಟೂರು, ಸಂಪೆಕಟ್ಟೆ ಸುತ್ತಮುತ್ತ ಅಡಿಕೆ ತೋಟದ ಒಳಗಿನ ಮನೆಗಳಿಗೆ ಹೋಗುವಾಗ ಕೊನೆಯ ಎರಡು ಮೂರು ಕಿಲೋಮೀಟರ್ ನಮ್ಮದೇ ಗಾಡಿ ಇಳಿಸಬೇಕಾಗುತ್ತೆ. ಸ್ಕಿಡ್ ಪ್ಲೇಟ್ ಬೇಕಾ, ಬೇಕಾದರೆ ಯಾವುದು ಅನ್ನೋ ಪ್ರಶ್ನೆ ಬರೋದು ಅಲ್ಲೇ.

ಬೆಳ್ಳಿ ಬಣ್ಣಕ್ಕೆ ಮರುಳಾಗಬೇಡಿ

ಇವತ್ತಿನ ಬಹಳಷ್ಟು ಎಸ್‌ಯುವಿಗಳ ಮುಂದಿನ ಬಂಪರ್ ಕೆಳಗೆ ಬೆಳ್ಳಿ ಬಣ್ಣದ ಪಟ್ಟಿ ಇರುತ್ತೆ, ಅದನ್ನೇ ಸ್ಕಿಡ್ ಪ್ಲೇಟ್ ಅಂತ ಮಾರ್ತಾರೆ. ಬೆರಳಿಂದ ತಟ್ಟಿ ನೋಡಿ, ಹೆಚ್ಚಿನವು ಪ್ಲಾಸ್ಟಿಕ್. ನಿಜವಾದ ಪ್ಲೇಟ್ ನಿಂತವರಿಗೆ ಕಾಣಲ್ಲ. ಅದು ಗಾಡಿಯ ಅಡಿಯಲ್ಲಿ ಆಯಿಲ್ ಚೇಂಬರ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಡೀಸೆಲ್ ಅಥವಾ ಪೆಟ್ರೋಲ್ ಟ್ಯಾಂಕ್ ಕಾಯುತ್ತಿರುತ್ತೆ.

ಇವುಗಳಲ್ಲಿ ಹೆಚ್ಚು ಅಪಾಯ ಆಯಿಲ್ ಚೇಂಬರ್‌ಗೆ. ಅದು ಒಡೆದರೆ ಎಂಜಿನ್ ಆಯಿಲ್ ಕೆಲವೇ ನಿಮಿಷದಲ್ಲಿ ಖಾಲಿ. ಡ್ಯಾಶ್‌ಬೋರ್ಡಿನ ಕೆಂಪು ದೀಪ ನೋಡಿಯೂ ಇನ್ನೊಂದು ಸ್ವಲ್ಪ ಓಡಿಸಿದರೆ ಎಂಜಿನ್ ಜಾಮ್. ಸಿಗ್ನಲ್ ಇಲ್ಲದ ಕಾಡಿನ ದಾರಿಯಲ್ಲಿ, ಕತ್ತಲಾಗ್ತಾ ಇದ್ದಾಗ, ಹಿಂದೆ ಮಕ್ಕಳು ಕೂತಿದ್ದಾಗ ಇದು ಬರೀ ದುಡ್ಡಿನ ಲೆಕ್ಕ ಅಲ್ಲ. ಸೋರಿದ ಆಯಿಲ್ ಹೋಗಿ ಸೇರೋದೂ ಯಾರದೋ ತೋಟದ ಹಳ್ಳಕ್ಕೇ.

ಗಾಡಿ ಎಲ್ಲಿ ತಾಗುತ್ತೆ?

ಎಲ್ಲರೂ ನೋಡೋದು ಗ್ರೌಂಡ್ ಕ್ಲಿಯರೆನ್ಸ್. ಜಿಮ್ನಿಗೆ 210 ಮಿಲಿಮೀಟರ್, ಮೂರು ಬಾಗಿಲಿನ ಥಾರ್‌ಗೆ 226. ಅದರ ಜೊತೆಗೆ ಬ್ರೇಕೋವರ್ ಆಂಗಲ್ ಕೂಡ ನೋಡಿ. ದಿಬ್ಬ ದಾಟುವಾಗ ನಡುಭಾಗ ತಾಗದೆ ಎಷ್ಟು ಕಡಿದಾದ ದಿಬ್ಬ ದಾಟಬಹುದು ಅಂತ ಹೇಳುವ ಕೋನ ಇದು. ಐದು ಬಾಗಿಲಿನ ಜಿಮ್ನಿಗೆ ಇದು 24 ಡಿಗ್ರಿ, ಥಾರ್‌ಗೆ 27. ಆದರೆ ಜಿಮ್ನಿಯ ಮುಂಭಾಗದ ಕೋನ 36, ಹಿಂಭಾಗದ್ದು 50. ಅಂದರೆ ಮೂತಿ ಬಾಲ ಎರಡೂ ಪಾರಾದ ದಿಬ್ಬದಲ್ಲೇ ಹೊಟ್ಟೆ ಸಿಕ್ಕಿಕೊಳ್ಳಬಹುದು. ಹಾಗಾಗಿ ಮುಂದಿನ ಪ್ಲೇಟ್ ಒಂದನ್ನೇ ಹಾಕಿಸಿ ಸುಮ್ಮನಾಗಬೇಡಿ. ನಡುವಿನ ಟ್ರಾನ್ಸ್‌ಫರ್ ಕೇಸ್‌ಗೂ ರಕ್ಷಣೆ ಇದೆಯಾ ಕೇಳಿ.

ಉಕ್ಕು, ಅಲ್ಯೂಮಿನಿಯಂ, ಪ್ಲಾಸ್ಟಿಕ್

ಅರ್ಧ ಚದರ ಮೀಟರ್ ಪ್ಲೇಟ್ ಅಂತ ಲೆಕ್ಕ ಹಾಕೋಣ. 3 ಮಿಲಿಮೀಟರ್ ದಪ್ಪದ ಉಕ್ಕು ಸುಮಾರು 12 ಕೆಜಿ. 5 ಮಿಲಿಮೀಟರ್ ಅಲ್ಯೂಮಿನಿಯಂ 7 ಕೆಜಿಗೆ ಸ್ವಲ್ಪ ಕಡಿಮೆ. ರೆಸಾರ್ಟ್‌ಗಳಲ್ಲಿ ಓಡಿಸ್ತೀವಲ್ಲ, ಆ ದಪ್ಪ ಚಕ್ರದ ಎಟಿವಿ, ಅಂಥವಕ್ಕೆ ಹಾಕುವ ಯುಎಚ್‌ಎಂಡಬ್ಲ್ಯು ಅನ್ನೋ ಗಟ್ಟಿ ಪ್ಲಾಸ್ಟಿಕ್ 10 ಮಿಲಿಮೀಟರ್ ದಪ್ಪ ಇದ್ದರೂ 5 ಕೆಜಿ ಆಸುಪಾಸು.

ಉಕ್ಕು ಗಟ್ಟಿ, ಕಲ್ಲಿನ ಮೇಲೆ ಜಾರಿಕೊಂಡು ಹೋಗುತ್ತೆ, ಬಗ್ಗಿದರೆ ಊರಿನ ಗ್ಯಾರೇಜಿನಲ್ಲೇ ಬಡಿದು ನೇರ ಮಾಡಬಹುದು. ಅಲ್ಯೂಮಿನಿಯಂ ಹಗುರ. 5 ಮಿಲಿಮೀಟರ್ ಅಲ್ಯೂಮಿನಿಯಂ ಬಗ್ಗೋದು 3 ಮಿಲಿಮೀಟರ್ ಉಕ್ಕಿಗಿಂತ ಕಡಿಮೆಯೇ. ಆದರೆ ಅದು ಮೆದು, ಚೂಪು ಕಲ್ಲು ಅದನ್ನು ಕೆತ್ತಿ ಅಲ್ಲೇ ಹಿಡಿದುಕೊಳ್ಳುತ್ತೆ. ಪ್ಲಾಸ್ಟಿಕ್ ಎಲ್ಲಕ್ಕಿಂತ ಚೆನ್ನಾಗಿ ಜಾರುತ್ತೆ. ಆದರೆ ಭಾರ ಬಿದ್ದರೆ ಬಳುಕುತ್ತೆ, ಸೈಲೆನ್ಸರ್ ಪೈಪಿನ ಬಿಸಿ ತಡೆಯಲ್ಲ. ಹಗುರವಾದ ಎಟಿವಿಗೆ ಅದು ಒಳ್ಳೆಯದು, ಒಂದು ಟನ್ ದಾಟಿದ ಗಾಡಿಗೆ ಅಲ್ಲ.

ಮಲೆನಾಡಲ್ಲಿ ಇನ್ನೊಂದು ವಿಷಯ ತುಕ್ಕು. ಕೊಡಚಾದ್ರಿಯ ಮೂಲ ಮೂಕಾಂಬಿಕೆ ಗುಡಿಯ ಹತ್ತಿರ ಒಂದು ಎತ್ತರದ ಹಳೆಯ ಕಬ್ಬಿಣದ ಕಂಬ ಇದೆ, ಅದು ದೇವಿಯ ತ್ರಿಶೂಲ ಅನ್ನೋದು ಭಕ್ತರ ನಂಬಿಕೆ. ಎಷ್ಟೋ ಮಳೆಗಾಲ ಕಂಡರೂ ಅದು ತುಕ್ಕು ತಿಂದು ಬಿದ್ದಿಲ್ಲ. ನಮ್ಮ ಪ್ಲೇಟಿಗೆ ಆ ಭಾಗ್ಯ ಇಲ್ಲ. ಉಕ್ಕಿನದಾದರೆ ಪೌಡರ್ ಕೋಟಿಂಗ್ ಎದ್ದ ಕಡೆಯೆಲ್ಲ ಮಳೆಗಾಲ ಮುಗಿದ ಮೇಲೆ ಬಣ್ಣ ಹೊಡೀಬೇಕು. ಅಲ್ಯೂಮಿನಿಯಂ ಆದರೆ ಉಕ್ಕಿನ ಬೋಲ್ಟ್ ಸೇರುವ ಜಾಗ ಸವೆಯದಂತೆ ನಡುವೆ ವಾಷರ್ ಇರಬೇಕು.

ವಾರಪೂರ್ತಿ ಆಫೀಸು, ತಿಂಗಳಿಗೊಮ್ಮೆ ಮಲೆನಾಡು ಅನ್ನೋ ನನ್ನ ಜಿಮ್ನಿಗೆ ನಾನು ಆರಿಸಿದ್ದು 5 ಮಿಲಿಮೀಟರ್ ಅಲ್ಯೂಮಿನಿಯಂ. ದಿನಾ ಕಲ್ಲಿನ ದಾರಿ ಹತ್ತಿಳಿಯುವವರಾದರೆ ಉಕ್ಕೇ ಹಾಕಿಸಿ.

ಹಾಕಿಸುವ ಮೊದಲು ಕೇಳಿ

ಪ್ಲೇಟ್ ಕೂರೋದು ಚಾಸಿಗೋ, ಗೇರ್‌ಬಾಕ್ಸಿಗೋ? ಚಾಸಿಗೇ ಆಗಬೇಕು, ಇಲ್ಲದಿದ್ದರೆ ಪೆಟ್ಟು ನೇರ ಗೇರ್‌ಬಾಕ್ಸಿಗೇ ಹೋಗುತ್ತೆ. ಬೋಲ್ಟಿನ ತಲೆ ಒಳಗೆ ಕೂತಿದೆಯಾ? ಹೊರಗೆ ಚಾಚಿದ್ದರೆ ಕಲ್ಲು ಅದನ್ನೇ ಸವರಿ ಹಾಕುತ್ತೆ. ಪ್ಲೇಟ್ ಬಿಚ್ಚದೆ ಆಯಿಲ್ ಬದಲಿಸಬಹುದಾ? ಕೆಸರು, ನೀರು ಇಳಿದು ಹೋಗೋಕೆ ತೂತುಗಳಿವೆಯಾ? ಗಾಡಿಯ ವಾರಂಟಿಗೆ ತೊಂದರೆ ಇದೆಯಾ ಅಂತ ಸರ್ವೀಸ್ ಸೆಂಟರಲ್ಲೂ ಕೇಳಿ.

ನಿಟ್ಟೂರಲ್ಲಿ ಟೀ ಕುಡೀತಾ ಒಬ್ಬ ಜೀಪ್ ಚಾಲಕರನ್ನು ಕೇಳಿದ್ದೆ, "ಅಣ್ಣಾ, ಪ್ಲೇಟ್ ಹಾಕ್ಸಿದ್ರೆ ಧೈರ್ಯವಾಗಿ ಹೋಗಬಹುದಲ್ವಾ?" ಅವರು ನಕ್ಕರು. "ಪ್ಲೇಟ್ ಇದೆ ಅಂತ ಕಲ್ಲಿಗೆ ಗೊತ್ತಾಗಲ್ಲ ಸಾರ್. ಇಳಿದು ದಾರಿ ನೋಡಿ, ಆಮೇಲೆ ಹೋಗಿ."

ಪ್ರವಾಸ ಮುಗಿದ ಮೇಲೆ ಗಾಡಿ ತೊಳೆದು, ಟಾರ್ಚ್ ಹಿಡಿದು ಅಡಿಗೆ ಬಗ್ಗಿ ನೋಡಿ. ಗೀರು ಎಲ್ಲೆಲ್ಲಿ ಬಿದ್ದಿದೆ, ಯಾವ ಬೋಲ್ಟ್ ಸಡಿಲವಾಗಿದೆ, ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಮುಂದಿನ ಸಲ ಹೋಗೋ ಮೊದಲು ಆ ಜಾಗಗಳನ್ನೇ ಮೊದಲು ಚೆಕ್ ಮಾಡಿ.