ನಡೆಯಬಲ್ಲವರ ಗಾಲಿಕುರ್ಚಿ

ಲಂಕೆಯಿಂದ ಅಯೋಧ್ಯೆಗೆ ಹೊರಟ ಪುಷ್ಪಕವಿಮಾನವು ದಾರಿಯಲ್ಲಿ ಕಿಷ್ಕಿಂಧೆಯ ಬಳಿ ನಿಂತು, ಸೀತಾದೇವಿಯ ಇಚ್ಛೆಯಂತೆ ತಾರೆಯೇ ಮೊದಲಾದ ವಾನರಸ್ತ್ರೀಯರನ್ನು ಏರಿಸಿಕೊಂಡಿತೆಂದು ವಾಲ್ಮೀಕಿ ಮಹರ್ಷಿಗಳು ಹೇಳುತ್ತಾರೆ. ಅಷ್ಟು ಹೊತ್ತಿಗಾಗಲೇ ಅದರಲ್ಲಿ ಸುಗ್ರೀವನೂ ಅವನ ಪರಿವಾರವೂ, ವಿಭೀಷಣನೂ ಅವನ ಮಂತ್ರಿಗಳೂ ಕುಳಿತಿದ್ದರು. ಆದರೂ ಎಡೆಯಿಲ್ಲವೆಂಬ ಮಾತು ಬರಲಿಲ್ಲ. ಆನೆಗೊಂದಿಯ ಸೀಮೆಯನ್ನೇ ಕಿಷ್ಕಿಂಧೆಯೆಂದು ನಂಬಿರುವ ನಾಡಿನವರಾದುದರಿಂದ, ವಿಮಾನವು ನಡುದಾರಿಯಲ್ಲಿ ಒಂದೆಡೆ ನಿಲ್ಲುವುದು ನಮಗೆ ಹೊಸದಲ್ಲವೆಂದು ಹೇಳಿಕೊಳ್ಳಬಹುದು. ಎಡೆಯ ವಿಷಯ ಮಾತ್ರ ಬೇರೆ. ಕೆಲವರು ಹೇಗೂ ಬಾರದೆ ಉಳಿಯುವರೆಂಬ ಲೆಕ್ಕದ ಮೇಲೆ, ಇರುವ ಆಸನಗಳಿಗಿಂತ ಹೆಚ್ಚು ಟಿಕೆಟ್ಟುಗಳನ್ನು ಮಾರುವ ಪದ್ಧತಿ ಇಂದಿನ ವಿಮಾನ ಕಂಪೆನಿಗಳಲ್ಲಿ ಉಂಟು. ಪುಷ್ಪಕದ ಗುಣವಿಲ್ಲದೆ ಪುಷ್ಪಕದ ಧೈರ್ಯ!

ನಡುವೆ ಇಳಿದು ಬೇರೊಂದು ವಿಮಾನವನ್ನು ಹತ್ತುವುದಕ್ಕೆ 'ಕನೆಕ್ಷನ್' ಎಂದು ಹೆಸರು. ಪಾಠಶಾಲೆಯಲ್ಲಿ ವ್ಯಾಕರಣವನ್ನು ಕಲಿತು ಮೂವತ್ತು ವರ್ಷ ಅದನ್ನೇ ಕಲಿಸಿದ ನನಗೆ ಅದು ಸಂಧಿಯೆಂದೇ ತೋರುತ್ತದೆ. ಎರಡು ಪದಗಳು ಕೂಡುವೆಡೆಯಲ್ಲಿ ಏನಾದರೊಂದು ವಿಕಾರವಾಗದೆ ಇರದಷ್ಟೆ. ಪೆಟ್ಟಿಗೆಯು ಕಾಣೆಯಾದರೆ ಲೋಪ. ಎಲ್ಲಿಯೂ ಇಲ್ಲದ ಐದು ಗಂಟೆಗಳು ನಡುವೆ ಬಂದು ಸೇರಿಕೊಂಡರೆ ಆಗಮ. ಹತ್ತಬೇಕಾದ ವಿಮಾನಕ್ಕೆ ಬದಲಾಗಿ ಬೇರೊಂದು ಬಂದು ನಿಂತರೆ ಆದೇಶ. ಮೊದಲನೆಯದು ತಡವಾಗಿ ಇಳಿದು, ಎರಡನೆಯದು ಹಾರಿಹೋಗಿದ್ದರೆ ಅದು ಸಂಧಿಯೇ ಆಗದ ಪ್ರಕೃತಿಭಾವ. ಪ್ರಯಾಣಿಕನು ಇದ್ದಂತೆಯೇ ಇದ್ದಲ್ಲಿಯೇ ಇರತಕ್ಕದ್ದು. ಇಷ್ಟು ಒಳ್ಳೆಯ ಉದಾಹರಣೆಗಳು ನಿವೃತ್ತಿಯಾದ ಮೇಲೆ ದೊರೆತವಲ್ಲಾ ಎಂಬುದೊಂದೇ ವ್ಯಸನ.

ವಿನೋದ ಹಾಗಿರಲಿ. ಒಂದು ವಿಮಾನದಿಂದ ಇಳಿದು ಇನ್ನೊಂದನ್ನು ಹತ್ತಲು ಕಡಮೆಯೆಂದರೆ ಎಷ್ಟು ನಿಮಿಷ ಬೇಕೆಂಬುದನ್ನು ಪ್ರತಿಯೊಂದು ದೊಡ್ಡ ನಿಲ್ದಾಣದಲ್ಲಿಯೂ ಲೆಕ್ಕಹಾಕಿ ಗೊತ್ತುಮಾಡಿರುತ್ತಾರೆ. ಆ ಲೆಕ್ಕದೊಳಗಿನ ಮನುಷ್ಯನು ಯಾರೆಂಬುದನ್ನು ವಾಚಕರು ಸ್ವಲ್ಪ ಯೋಚಿಸಬೇಕು. ಅವನು ಮೇಲೆ ತೂಗುವ ಫಲಕಗಳನ್ನು ಓದಬಲ್ಲವನು. ತಾನಾಗಿ ಏರುವ ಮೆಟ್ಟಿಲುಗಳ ಮೇಲೆ ಅಂಜದೆ ಕಾಲಿಡತಕ್ಕವನು. ಯಂತ್ರದ ಕಂಠದಲ್ಲಿ ತನ್ನ ವಿಮಾನದ ಹೆಸರು ಕೇಳಿಬಂದರೆ ತಟ್ಟನೆ ಗುರುತಿಸತಕ್ಕವನು. ನಮ್ಮ ಜಿಲ್ಲೆಯ ಹಳ್ಳಿಗಳಿಂದ ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಡುವ ತಾಯಂದಿರು ಆ ಲೆಕ್ಕದಲ್ಲಿ ಇಲ್ಲ.

2023ನೆಯ ಅಕ್ಟೋಬರಿನಲ್ಲಿ ಷಿಕಾಗೋ ನಗರದಲ್ಲಿರುವ ಮಗನ ಮನೆಗೆ ಹೊರಟಾಗ ಇಂಥ ಒಬ್ಬ ತಾಯಿಯ ಪಕ್ಕದಲ್ಲಿ ಕುಳಿತುಕೊಳ್ಳುವ ಸಂದರ್ಭ ನನಗೆ ಒದಗಿತು. ದೇವನಹಳ್ಳಿಯ ಎರಡನೆಯ ಟರ್ಮಿನಲ್ಲಿಗೆ ಅಂತಾರಾಷ್ಟ್ರೀಯ ವಿಮಾನಗಳೆಲ್ಲವೂ ಬಂದು ಆಗ ಇನ್ನೂ ಒಂದು ತಿಂಗಳು. ಚಾವಣಿಗೆ ಬಿದಿರು ಹೊದಿಸಿ, ಅಲ್ಲಲ್ಲಿ ಗಿಡಬಳ್ಳಿಗಳನ್ನು ತೂಗುಬಿಟ್ಟು ಅದನ್ನು ಉದ್ಯಾನದಂತೆ ಕಟ್ಟಿದ್ದಾರೆ. ಕನ್ನಡದ ಫಲಕಗಳೂ ಇವೆ. ಆ ನಡುರಾತ್ರಿಯಲ್ಲಿ ನನ್ನ ಗಮನ ಹೋದದ್ದು ವಿಮಾನದ ಬಾಗಿಲಿನ ಬಳಿ ಸಾಲಾಗಿ ನಿಂತಿದ್ದ ಗಾಲಿಕುರ್ಚಿಗಳ ಕಡೆಗೆ. ಎಣಿಸಿದೆ, ಇಪ್ಪತ್ತಮೂರು. ಕುಳಿತಿದ್ದವರಲ್ಲಿ ಬಹುಮಂದಿ ಸೀರೆಯುಟ್ಟ ಹಿರಿಯ ಹೆಂಗಸರು. ಒಳಗೆ ಸಾಲಿಗೆ ಒಂಬತ್ತು ಹತ್ತು ಮಂದಿಯಂತೆ ಇಕ್ಕಟ್ಟಾಗಿ ಜೋಡಿಸಿದ ಆಸನಗಳು. ನನ್ನ ಮೊಣಕೈಗೂ ಪಕ್ಕದವರ ಮೊಣಕೈಗೂ ಇದ್ದದ್ದು ಒಂದೇ ತೋಳಾಸರೆ. ಆಕೆ ಅದನ್ನು ನನಗೆ ಬಿಟ್ಟುಕೊಟ್ಟು, ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡು ಕುಳಿತರು.

ತಿಪಟೂರಿನ ಕಡೆಯವರು. ನನ್ನ ಮಾತಿನ ಧಾಟಿ ಕಿವಿಗೆ ಬಿದ್ದೊಡನೆ ಆಕೆಯ ಮುಖ ಅರಳಿತು. "ಸ್ವಾಮಿ, ನನ್ನ ಕಾಲಿಗೆ ಏನೂ ಆಗಿಲ್ಲ. ದಿನಾ ತೋಟಕ್ಕೆ ಎರಡು ಮೈಲಿ ಹೋಗಿ ಬರೋಳು ನಾನು. ದಾರಿ ತಪ್ಪಬಾರದು ಅಂತ ಅಳಿಯಂದಿರು ಕುರ್ಚಿ ಬರೆಸವ್ರೆ" ಎಂದರು. ನಾನೇನೂ ಕೇಳಿರಲಿಲ್ಲ. ಕೇಳುವ ಮೊದಲೇ ಸಮಾಧಾನ ಹೇಳಬೇಕೆಂದು ಆಕೆಗೆ ತೋರಿತ್ತು.

ಆಕೆಯ ಇನ್ನೊಂದು ದುಃಖ ಕೊಬ್ಬರಿಯದು. ಬಾಣಂತಿಗೆಂದು ಮನೆಯ ಅಟ್ಟದಿಂದ ಆರಿಸಿ ತಂದಿದ್ದ ಗಿಟುಕುಗಳನ್ನು ನಿಲ್ದಾಣದಲ್ಲಿ ಪೆಟ್ಟಿಗೆ ಬಿಚ್ಚಿಸಿ ತೆಗೆಸಿಬಿಟ್ಟಿದ್ದರು. ಇದು ಅಧಿಕಾರಿಗಳ ಹಟವಲ್ಲ. ಒಣಕೊಬ್ಬರಿಯು ತನ್ನೊಳಗಿನ ಎಣ್ಣೆಯ ದೆಸೆಯಿಂದ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುವೆಂದು ಗಣಿತವಾಗಿದೆ. ವಿಶ್ವಸಂಸ್ಥೆಯ ಅಪಾಯಕರ ವಸ್ತುಗಳ ಪಟ್ಟಿಯಲ್ಲಿ ಅದರ ಸಂಖ್ಯೆ 1363. ಇದನ್ನು ಬಿಡಿಸಿ ಹೇಳಿದೆ. ಆಕೆ ನಂಬಲಿಲ್ಲ. ಕೊಬ್ಬರಿಯಿಂದ ಆಗಬಹುದಾದ ಅಪಾಯವೆಂದರೆ ತಿಪಟೂರಿನವರು ಕಂಡದ್ದು ಮಾರುಕಟ್ಟೆಯಲ್ಲಿ ಧಾರಣೆ ಇಳಿಯುವುದೊಂದೇ.

ಬೆಳಿಗ್ಗೆ ಫ್ರಾಂಕ್‌ಫರ್ಟಿನಲ್ಲಿ ಇಳಿದೆವು. ಅದೊಂದು ಪಟ್ಟಣವೇ ಸರಿ. ಅಕ್ಷರಗಳ ಹೆಸರಿನ ವಿಭಾಗಗಳು, ನೆಲದಡಿಯ ಉದ್ದವಾದ ಹಾದಿಗಳು, ಒಂದು ಕಟ್ಟಡದಿಂದ ಇನ್ನೊಂದಕ್ಕೆ ಒಯ್ಯಲು ಎತ್ತರದಲ್ಲಿ ಓಡುವ ಪುಟ್ಟ ರೈಲು. ತಪಾಸಣೆಗೆ ಮತ್ತೊಮ್ಮೆ ನಿಂತು, ಮುಂದಿನ ಬಾಗಿಲನ್ನು ಹುಡುಕಿಕೊಂಡು ನಾನು ಹೋಗುವಾಗ, ಒಂದು ಮೂಲೆಯಲ್ಲಿ ಗಾಲಿಕುರ್ಚಿಗಳನ್ನು ಒತ್ತಾಗಿ ನಿಲ್ಲಿಸಿದ್ದುದು ಕಂಡಿತು. ತಳ್ಳುವವರು ಬೇರೆ ವಿಮಾನದವರನ್ನು ಕರೆತರಲು ಹೋಗಿದ್ದರು. ಆಕೆ ನನ್ನನ್ನು ಕಂಡು ಕೈಬೀಸಿ ಕರೆದರು. ಹತ್ತಿರ ಹೋದ ಮೇಲೆ ಮಾತು ಹೊರಡಲಿಲ್ಲ. ಬಲು ಹೊತ್ತಿನಿಂದ ಜಲಬಾಧೆಯನ್ನು ತಡೆದುಕೊಂಡು ಕುಳಿತಿದ್ದಾರೆಂಬುದು ನನಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಎದ್ದುಹೋದರೆ ಕುರ್ಚಿ ಹೋಗುತ್ತದೆ, ಕುರ್ಚಿ ಹೋದರೆ ತಾನು ಹೋದಂತೆ, ಎಂಬ ಭಯ. ಪಕ್ಕದ ಕುರ್ಚಿಯಲ್ಲಿದ್ದ ಹೆಂಗಸು ತೆಲುಗಿನವರು; ಅವರದೂ ಅದೇ ಸ್ಥಿತಿ. ಬಾಗಿಲಿನ ಮೇಲಿನ ಚಿತ್ರವನ್ನು ತೋರಿಸಿ, "ಹೋಗಿ ಬನ್ನಿ ತಾಯಿ, ನಾನು ಕಾಯುತ್ತೇನೆ" ಎಂದೆ. ಇಬ್ಬರೂ ಕುರ್ಚಿಗಳನ್ನು ನನ್ನ ವಶಕ್ಕೆ ಬಿಟ್ಟು ಚುರುಕಾಗಿ ನಡೆದುಹೋದರು.

ಅಷ್ಟರಲ್ಲಿ ತಳ್ಳುವಾತನು ಬಂದ. ಎತ್ತರದ ಆಳು, ಯುವಕ. ಎರಡು ಖಾಲಿ ಕುರ್ಚಿಗಳನ್ನೂ ನನ್ನನ್ನೂ ನೋಡಿ, ಇವುಗಳಲ್ಲಿದ್ದವರು ಎಲ್ಲಿ ಎಂದು ಇಂಗ್ಲಿಷಿನಲ್ಲಿ ಕೇಳಿದ. ನಾನು ಕೈ ತೋರಿಸಿದ ಕಡೆಯಿಂದ ಅವರಿಬ್ಬರೂ ನೆರಿಗೆ ಹಿಡಿದುಕೊಂಡು ಬಿರುಸಾಗಿ ಬರುತ್ತಿದ್ದರು. ಆತ ಏನೂ ಅನ್ನಲಿಲ್ಲ, ನಕ್ಕಿದ್ದರೆ ವಾಸಿಯಿತ್ತು. ಅವನನ್ನು ಕಂಡೊಡನೆ, ಅದುವರೆಗೆ ನೆಟ್ಟಗೆ ಬರುತ್ತಿದ್ದ ತಿಪಟೂರಿನ ಆ ತಾಯಿ ಕೊನೆಯ ನಾಲ್ಕು ಹೆಜ್ಜೆಗಳನ್ನು ಕುಂಟುತ್ತ ಬಂದು ಕುಳಿತರು. ನನ್ನ ಮುಖವನ್ನು ನೋಡಲಿಲ್ಲ.

ಷಿಕಾಗೋದಲ್ಲಿ ಇಳಿಯುವವರೆಗೂ ಆ ನಾಲ್ಕು ಹೆಜ್ಜೆಗಳು ನನ್ನ ಕಣ್ಣ ಮುಂದೆಯೇ ಇದ್ದವು. ಸಾಲಿನಲ್ಲಿ ಮುಂದೆ ಹೋಗುವುದಕ್ಕಾಗಿ ಆರೋಗ್ಯವಂತರು ಕುರ್ಚಿ ಹಿಡಿಯುತ್ತಾರೆಂದು ಗೊಣಗುವವರನ್ನು ನಾನು ಬಲ್ಲೆ. ಅಂಥವರು ಇಲ್ಲದೆಯೂ ಇಲ್ಲ. ಆದರೆ ಈ ತಾಯಿ ಬಯಸಿದ್ದು ಮುಂದೆ ಹೋಗುವುದನ್ನಲ್ಲ, ಸರಿಯಾದ ಕಡೆಗೆ ಹೋಗುವುದನ್ನು. ಅಮೆರಿಕದಲ್ಲಿ ಮೊದಲು ಇಳಿದ ಊರಿನಲ್ಲಿಯೇ ಪೆಟ್ಟಿಗೆಗಳನ್ನು ಸಾಮಾನ್ಯವಾಗಿ ತಾನೇ ಎತ್ತಿಕೊಂಡು, ಸುಂಕದ ಕಟ್ಟೆ ದಾಟಿಸಿ, ಮುಂದಿನ ವಿಮಾನಕ್ಕೆ ಮತ್ತೆ ಒಪ್ಪಿಸಬೇಕು. ಕೊನೆಯ ಊರಿನ ಹೆಸರಿನ ಚೀಟಿ ಬೆಂಗಳೂರಿನಲ್ಲಿಯೇ ಅಂಟಿಸಿದ್ದರೂ ಅಷ್ಟೆ. ಇದನ್ನು ಓದುಬರಹ ಬಲ್ಲವರೂ ತಿಳಿಯದೆ ತೊಡಕಿಗೆ ಸಿಕ್ಕುತ್ತಾರೆ. ಕನ್ನಡವೊಂದನ್ನೇ ಬಲ್ಲ ಒಬ್ಬಂಟಿ ಹೆಂಗಸಿಗೆ ಜೊತೆಗಾರರನ್ನು ಕೊಡಿರೆಂದು ಕೇಳಿದರೆ ಗಾಲಿಗಳನ್ನು ಕೊಡುತ್ತಾರೆ. ಏಕೆಂದರೆ ಗಾಲಿಗಳ ಹಿಂದೆ ಒಬ್ಬ ಜೊತೆಗಾರ ಬರುತ್ತಾನೆ. ಭಾಷೆ ಬಾರದುದಕ್ಕೆ ಕಾಲು ದಂಡ ತೆರುತ್ತದೆ.

ವಿಮಾನದವರ ಸಂಕೇತಗಳನ್ನು ಆಮೇಲೆ ಮಗನಿಂದ ಕೇಳಿ ತಿಳಿದುಕೊಂಡೆ. ಆಸನದವರೆಗೂ ಎತ್ತಿಯೇ ಒಯ್ಯಬೇಕಾದವರಿಗೆ ಒಂದು, ಮೆಟ್ಟಿಲು ಹತ್ತಲಾರದವರಿಗೆ ಒಂದು, ಮೆಟ್ಟಿಲು ಹತ್ತಿಯೂ ದೂರ ನಡೆಯಲಾರದವರಿಗೆ ಒಂದು, ಹೀಗೆ ಮೂರು ಬಗೆಯ ಕುರ್ಚಿಗಳು. ಇವಲ್ಲದೆ 'ಎಂ ಎ ಎ ಎಸ್' ಎಂಬ ನಾಲ್ಕನೆಯದೊಂದಿದೆ. ಎದುರುಗೊಂಡು ನೆರವಾಗುವುದೆಂದು ಅದರ ತಾತ್ಪರ್ಯ. ಕುರ್ಚಿಯಿಲ್ಲದ ಜೊತೆಗಾರ! ಆಕೆಗೆ ಬೇಕಾಗಿದ್ದುದು ಅಕ್ಷರಶಃ ಇದೇ. ಕೆಲವೆಡೆ ಇದಕ್ಕೆ ಹಣ ತೆರಬೇಕು; ಇದು ಉಂಟೆಂಬುದೇ ನಮ್ಮ ಮನೆಗಳಲ್ಲಿ ಬಹುಮಂದಿಗೆ ತಿಳಿಯದು.

ನಾನು ಊರಿಗೆ ಹಿಂದಿರುಗಿದ ಮೇಲೆ, 2024ನೆಯ ಫೆಬ್ರವರಿ 12ರಂದು, ನ್ಯೂಯಾರ್ಕಿನಿಂದ ಮುಂಬಯಿಗೆ ಬಂದಿಳಿದ ವೃದ್ಧ ದಂಪತಿಗಳ ಸುದ್ದಿ ಪತ್ರಿಕೆಗಳಲ್ಲಿ ಬಂತು. ಇಬ್ಬರಿಗೂ ಕುರ್ಚಿ ಬರೆಸಿದ್ದರು. ಆ ವೇಳೆಗೆ ದೊರೆತದ್ದು ಒಂದು. ಹೆಂಡತಿಯನ್ನು ಅದರಲ್ಲಿ ಕೂರಿಸಿ, ಎಂಬತ್ತು ವರ್ಷದ ಗಂಡ ಪಕ್ಕದಲ್ಲಿ ನಡೆದರು, ನಡೆದುಬಂದು ಕುಸಿದರು, ಬದುಕಲಿಲ್ಲ. ಕುರ್ಚಿಗಳಿಗೆ ಬೇಡಿಕೆ ಬಹಳವಾಗಿತ್ತೆಂದು ಕಂಪೆನಿಯವರು ಹೇಳಿದರು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 30 ಲಕ್ಷ ರೂಪಾಯಿ ದಂಡ ವಿಧಿಸಿತು. ಅದನ್ನು ಓದಿದಾಗ ದೇವನಹಳ್ಳಿಯಲ್ಲಿ ನಾನು ಎಣಿಸಿದ ಇಪ್ಪತ್ತಮೂರರ ನೆನಪಾಯಿತು. ಅವುಗಳಲ್ಲಿ ಎಷ್ಟು ಕಾಲಿಗೆ ಬೇಕಾದವು, ಎಷ್ಟು ದಾರಿಗೆ ಬೇಕಾದವು?

ಈಚೆಗೆ ನಮ್ಮ ಬೀದಿಯವರೊಬ್ಬರು ತಮ್ಮ ಅಕ್ಕನವರನ್ನು ಸೊಸೆಯ ಬಾಣಂತನಕ್ಕೆ ಕಳುಹಿಸಬೇಕೆಂದು ಟಿಕೆಟ್ಟು ಕೊಳ್ಳಲು ಹೊರಟಾಗ, ನಾನು ಆ ನಾಲ್ಕು ಅಕ್ಷರಗಳನ್ನು ಚೀಟಿಯಲ್ಲಿ ಬರೆದುಕೊಟ್ಟು, ಅವರ ಸಂಗಡ ನಾನೂ ಹೋದೆ. ಅಂಗಡಿಯ ಹುಡುಗನು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ. ಯಂತ್ರದಲ್ಲಿ ಏನನ್ನೋ ಒತ್ತಿದ. "ಇದು ನಮ್ಮಲ್ಲಿ ಬರುವುದಿಲ್ಲ ಮೇಷ್ಟ್ರೇ. ಕುರ್ಚಿ ಹಾಕಲೇ, ಬಿಡಲೇ?" ಎಂದು ಕೇಳಿದ. ಆ ಅಕ್ಕನವರು ಬೀದಿಯ ತುದಿಯ ದೇವಸ್ಥಾನಕ್ಕೆ ಪ್ರತಿನಿತ್ಯ ಮೂರು ಪ್ರದಕ್ಷಿಣೆ ಹಾಕತಕ್ಕವರು. ತಮ್ಮನು ನನ್ನ ಮುಖ ನೋಡಿದರು. "ಹಾಕಪ್ಪ" ಎಂದೆ.